ಎರಡನೇ ಸಲ ಬಂದ ಫಾರಂ

ಇದು 2010ರ ಮಾತು. ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದವು. ಲಗ್ಗೆರೆಯಿಂದ ಪೀಣ್ಯಕ್ಕೆ ಹೋಗಿ ಮನೆಗೆ ವಾಪಸ್ ಬರುವಷ್ಟರಲ್ಲಿ ಎಣ್ಣೆ ಹಚ್ಚಿದ ತಲೆ ಪೂರಾ ಧೂಳಾಗಿರುತ್ತಿತ್ತು. ನನಗಾಗ ಇಪ್ಪತ್ತೈದು ವರ್ಷ. ಲಗ್ಗೆರೆ ನಮ್ಮ ತಾತನ ಕಾಲದಿಂದಲೂ ನಮ್ಮೂರು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ಏನು ಓದಿದ್ದೀಯ ಅಂತ ಕೇಳಿದವರಿಗೆ ಉತ್ತರ ಹೇಳಿದರೆ ಸಾಕು, "ಹೌದಾ, ಹಾಗಾದ್ರೆ ನನ್ನ ಮನಸ್ಸಲ್ಲಿ ಈಗ ಏನಿದೆ ಹೇಳು ನೋಡೋಣ" ಅನ್ನುತ್ತಿದ್ದರು. ನಮ್ಮಮ್ಮನ ಪ್ರಕಾರ ನಾನು ಓದಿದ್ದು ಗಿಣಿಶಾಸ್ತ್ರದ ದೊಡ್ಡ ಕೋರ್ಸು.

ಅಂಥ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಸಣ್ಣ ಸಂಶೋಧನಾ ಆಫೀಸಿನಲ್ಲಿ ನನಗೆ ಆರು ತಿಂಗಳ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯಸ್ಥೆ ವಿಜಯಾ ಮೇಡಂ. ಕೆಲಸ ಏನೆಂದರೆ, ಹೊರದೇಶದಲ್ಲಿ ತಯಾರಾದ ಒಂದು ವ್ಯಕ್ತಿತ್ವದ ಪ್ರಶ್ನಾವಳಿ ನಮ್ಮ ಜನಕ್ಕೂ ಹೊಂದುತ್ತದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು. "ನಾನು ಹಿಡಿದ ಕೆಲಸ ಬಿಡುವುದಿಲ್ಲ", "ನಾನು ಬೇಗ ಸಿಟ್ಟಾಗುತ್ತೇನೆ", "ಹೊಸಬರ ಜೊತೆ ಸಲೀಸಾಗಿ ಮಾತಾಡುತ್ತೇನೆ" ಅನ್ನುವಂಥ ವಾಕ್ಯಗಳು ಅದರ ತುಂಬ. ಪ್ರತಿ ವಾಕ್ಯದ ಮುಂದೆ ಗುರುತು ಹಾಕಲು ಒಂದರಿಂದ ಐದರವರೆಗೆ ನಂಬರ್ ಇದ್ದ ಸೊನ್ನೆಗಳು. ಸ್ವಲ್ಪವೂ ಒಪ್ಪುವುದಿಲ್ಲ ಅಂದರೆ ಒಂದು, ಪೂರ್ತಿ ಒಪ್ಪುತ್ತೇನೆ ಅಂದರೆ ಐದು. ಎಲ್ಲ ಕೂಡಿಸಿದರೆ ಆ ಮನುಷ್ಯ ಎಂಥವನು ಅಂತ ತಿಳಿಯಬೇಕು.

ಇದೇ ಫಾರಂ ಅನ್ನು ಅದೇ ಜನಕ್ಕೆ ಮೂರು ವಾರ ಬಿಟ್ಟು ಇನ್ನೊಂದು ಸಲ ಕೊಡಬೇಕಿತ್ತು. ಮನುಷ್ಯನ ಸ್ವಭಾವ ಮೂರು ವಾರದಲ್ಲಿ ಬದಲಾಗುವುದಿಲ್ಲವಲ್ಲ. ಎರಡು ಸಲವೂ ಉತ್ತರ ಹೆಚ್ಚುಕಮ್ಮಿ ಒಂದೇ ಇದ್ದರೆ ತಕ್ಕಡಿ ಸರಿಯಿದೆ ಅಂತ ಅರ್ಥ. ಬೇರೆ ಬೇರೆ ಬಂದರೆ ತಕ್ಕಡಿಯಲ್ಲೇ ಏನೋ ಐಬು ಅಂತ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ. ಹಾಗಾಗಿ ಆ ಫಾರಂ ಮೇಲೆ ನನಗೆ ಹೆತ್ತಮ್ಮನ ಅಭಿಮಾನ.

ಹೊರಡುವ ಮುಂಚೆ ವಿಜಯಾ ಮೇಡಂ ಎರಡು ಮಾತು ಹೇಳಿದ್ದರು. "ಫಾರಂ ಮೇಲೆ ಹೆಸರು ಬರೆಸಬೇಡ, ನಂಬರ್ ಕೊಡು. ಯಾರ ಉತ್ತರಾನೂ ಯಾರಿಗೂ ತೋರಿಸಬೇಡ." ನಾನು ತಲೆಯಾಡಿಸಿದ್ದೆ.

ನಾನು ಹೋದದ್ದು ಪೀಣ್ಯದ ಒಂದು ವೈರಿಂಗ್ ಕಾರ್ಖಾನೆಗೆ. ಗಾಡಿಗಳ ಒಳಗೆ ಹೋಗುವ ವೈರುಗಳನ್ನು ಬಣ್ಣ ನೋಡಿ ಜೋಡಿಸಿ, ಟೇಪು ಸುತ್ತಿ, ತುದಿಗೆ ಕನೆಕ್ಟರ್ ಕೂರಿಸಿ ಕಟ್ಟು ಮಾಡುವ ಕೆಲಸ. ಉದ್ದನೆಯ ಮೇಜುಗಳ ಎರಡೂ ಬದಿಗೆ ಹೆಂಗಸರೇ ನಿಂತಿರುತ್ತಿದ್ದರು. ಒಂದು ಲೈನಿನಲ್ಲಿ ನಲವತ್ತು ಜನ. ಅರ್ಧದಷ್ಟು ಜನ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದು ನಮ್ಮ ಲಗ್ಗೆರೆಯಲ್ಲೇ ಬಾಡಿಗೆ ಕೋಣೆಗಳಲ್ಲಿ ಇದ್ದವರು. ಅನುಮತಿ ಕೊಟ್ಟವರು ಅಲ್ಲಿನ ಎಚ್‌ಆರ್ ನಾಗರಾಜ್. ಕೆಟ್ಟ ಮನುಷ್ಯರಲ್ಲ. ಆದರೆ ಏನೇ ಹೇಳಿದರೂ "ಅದನ್ನ ಒಂದು ಲೈನಲ್ಲಿ ಹೇಳ್ರೀ" ಅನ್ನುವ ಜಾಯಮಾನ.

ಮೊದಲ ದಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಫಾರಂ ಹಂಚಿದೆ. ಹೆಸರು ಬರೆಸಬೇಡ ಅಂದಿದ್ದರಲ್ಲ, ನಂಬರ್ ಕೊಟ್ಟು ನೋಡಿದೆ. ಐದು ನಿಮಿಷದಲ್ಲೇ ಅರ್ಧ ಜನ ತಮ್ಮ ನಂಬರ್ ಮರೆತರು. ಇನ್ನು ಮೂರು ವಾರ ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂದುಕೊಂಡು, "ಮೇಲ್ಗಡೆ ಹೆಸರೇ ಬರೆದುಬಿಡಿ, ನಾನು ಯಾರಿಗೂ ತೋರಿಸಲ್ಲ" ಅಂದೆ. ನನ್ನ ಮೊದಲ ತಪ್ಪು ಅದು.

ಹೆಂಗಸರು ಫಾರಂ ತುಂಬಿದ ಚಂದವನ್ನು ನೋಡಬೇಕಿತ್ತು. ಒಬ್ಬರದನ್ನು ನಾಲ್ವರು ತುಂಬುತ್ತಿದ್ದರು. "ಏ, ನಾನು ಬೇಗ ಸಿಟ್ಟಾಗ್ತೀನೇನೇ?" ಅಂತ ಒಬ್ಬಳು ಕೇಳಿದರೆ ಪಕ್ಕದವಳು "ಅಯ್ಯೋ, ಐದು ಹಾಕು, ಆರಿದ್ರೂ ಹಾಕು" ಅನ್ನುತ್ತಿದ್ದಳು. ನಾನು ಓಡಾಡಿಕೊಂಡು, "ಪಕ್ಕದೋರನ್ನ ಕೇಳಬೇಡಿ, ನಿಮ್ಮ ಬಗ್ಗೆ ನಿಮಗೇ ಗೊತ್ತಲ್ವಾ" ಅಂತ ಬಿಡಿಸುತ್ತಿದ್ದೆ. "ಹೊಸ ಊರುಗಳಿಗೆ ಒಬ್ಬಳೇ ಹೋಗಲು ನನಗೆ ಇಷ್ಟ" ಅನ್ನುವ ವಾಕ್ಯದ ಹತ್ತಿರ ಒಬ್ಬಾಕೆ ಕೈ ತಡೆದು ನನ್ನನ್ನು ಕರೆದರು. ವಯಸ್ಸು ನಲವತ್ತರ ಹತ್ತಿರ, ಹಣೆ ತುಂಬ ಕುಂಕುಮ, ಬೆರಳುಗಳಿಗೆಲ್ಲ ಟೇಪಿನ ಅಂಟು.

"ಒಬ್ಬಾಕಿನ ಯಾಕ ಹೋಗ್ಬೇಕ್ರಿ ಮೇಡಂ? ಮನ್ಯಾಗ ಯಾರೂ ಇಲ್ಲೇನು?"

"ಇಷ್ಟ ಇದ್ಯಾ ಇಲ್ವಾ ಅಷ್ಟೇ ಹೇಳಿ" ಅಂದೆ.

"ಇಷ್ಟದ ಮಾತಲ್ಲರಿ. ಹಂಗ ಹೋದ್ರ ಮನಿಯವ್ರು ಜಗಳಾಡಿ ಹೊರಗ ಹಾಕ್ಯಾರ ಅಂತಾರ ಮಂದಿ" ಅಂತ ನಕ್ಕು ಒಂದಕ್ಕೆ ಗುರುತು ಹಾಕಿದರು. ಹೆಸರು ಶಾಂತವ್ವ. ಬಾದಾಮಿ ಕಡೆಯವರು. ಲೈನಿನವರೆಲ್ಲ ಶಾಂತಕ್ಕ ಅನ್ನುತ್ತಿದ್ದರು. ಅವರ ಉತ್ತರ ನನಗೆ ತಮಾಷೆ ಅನ್ನಿಸಿತೇ ಹೊರತು ತಲೆಗೆ ಹೋಗಲಿಲ್ಲ. ನಾನು ಫಾರಂ ಎಣಿಸುವುದರಲ್ಲಿದ್ದೆ.

ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮೂರು ಬಣ್ಣದಲ್ಲಿ ಗೆರೆ ಎಳೆದು, ಒಂದು ವಾರದ ಮೇಲೆ ನಾಗರಾಜ್ ಅವರ ಹತ್ತಿರ ಹೋದೆ. ಎರಡನೇ ಸುತ್ತಿಗೆ ದಿನ ಗೊತ್ತು ಮಾಡಬೇಕಿತ್ತು. ಅವರು ನನ್ನ ಕೈಯಲ್ಲಿದ್ದ ಬಣ್ಣದ ಹಾಳೆ ನೋಡಿ ಕಣ್ಣರಳಿಸಿದರು.

"ಮಂಜುಳಾ, ಒಳ್ಳೇ ಟೈಮಿಗೆ ಬಂದ್ರಿ. ಈ ಲೈನಿನ ಲೀಡರ್ ಹೆರಿಗೆಗೆ ಹೋದೋರು ಕೆಲಸ ಬಿಟ್ಟುಬಿಟ್ರು. ಆ ಜಾಗಕ್ಕೆ ಇಬ್ರ ಹೆಸರಿದೆ, ಶಾಂತವ್ವ, ಹೇಮಲತಾ. ನಿಮ್ಮ ಪರೀಕ್ಷೆ ಏನ್ ಹೇಳುತ್ತೆ?"

ಲೈನ್ ಲೀಡರ್ ಅಂದರೆ ಬರೀ ಬಿರುದಲ್ಲ. ಕಾಂಟ್ರಾಕ್ಟ್ ತಪ್ಪಿ ಕೆಲಸ ಪರ್ಮನೆಂಟ್ ಆಗುತ್ತದೆ. ಶಾಂತವ್ವ ಎಂಟು ವರ್ಷದಿಂದ ಕಾಂಟ್ರಾಕ್ಟಿನಲ್ಲೇ ಇದ್ದವರು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅವತ್ತು ಗೊತ್ತಿದ್ದದ್ದು ಇಷ್ಟೇ, ಎರಡು ವರ್ಷ ಗಿಣಿಶಾಸ್ತ್ರ ಅನ್ನಿಸಿಕೊಂಡ ನನ್ನ ಓದನ್ನು ಒಬ್ಬ ದೊಡ್ಡ ಆಫೀಸರ್ ಕುರ್ಚಿ ಹಾಕಿ ಕೂರಿಸಿ ಕೇಳುತ್ತಿದ್ದಾರೆ. ಉಬ್ಬಿಹೋದೆ. ಹಾಳೆ ಮೇಜಿನ ಮೇಲೆ ಹರಡಿ ತೋರಿಸಿಯೇಬಿಟ್ಟೆ.

ಶಾಂತವ್ವನ ಅಂಕ ಪಾತಾಳದಲ್ಲಿತ್ತು. ಜವಾಬ್ದಾರಿಯಲ್ಲಿ ಕಡಿಮೆ, ಆತ್ಮವಿಶ್ವಾಸದಲ್ಲಿ ಕಡಿಮೆ, ಸಂತೋಷದಲ್ಲೂ ಕಡಿಮೆ. ಹೇಮಲತಾ ಎಲ್ಲದರಲ್ಲೂ ನಟ್ಟನಡುವೆ. ನಾಗರಾಜ್ ಹುಬ್ಬೇರಿಸಿದರು. "ಶಾಂತವ್ವ ಹಿಂಗಾ? ನೋಡಿದ್ರೆ ಹಾಗನ್ಸಲ್ಲ."

"ಎರಡನೇ ಸಲ ಆಗ್ಲಿ ಸಾರ್, ಆಗ ಪಕ್ಕಾ ಹೇಳಬಹುದು" ಅಂದೆ, ದೊಡ್ಡ ಡಾಕ್ಟರ್ ಥರ.

ಎರಡನೇ ಸಲ ಅದೇ ಕ್ಯಾಂಟೀನು, ಅದೇ ಹೊತ್ತು. ಫಾರಂ ಹಂಚಿದಾಗ ಈ ಸಲ ನಗು, ಗಲಾಟೆ ಏನೂ ಇರಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. ಶಾಂತವ್ವ ಫಾರಂ ಹಿಂದೆಮುಂದೆ ತಿರುಗಿಸಿ ನೋಡಿ, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದರು. ಆ ಪಿಸುಮಾತು ಮೇಜಿನ ತುದಿಯವರೆಗೂ ಹೋಯಿತು. ಆಮೇಲೆ ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದರು. ಒಬ್ಬರೂ ಪಕ್ಕದವರನ್ನು ಕೇಳಲಿಲ್ಲ. ಕೊನೆಗೂ ಇವರಿಗೆ ಗಾಂಭೀರ್ಯ ಬಂತು ಅಂತ ನನಗೆ ಖುಷಿಯೋ ಖುಷಿ.

ಖುಷಿ ಎರಡೇ ದಿನ. ಅಂಕ ಕೂಡಿಸಿ ನೋಡಿದರೆ ಎಲ್ಲ ತಲೆಕೆಳಗು. ಮೊದಲು ಒಂದು ಹಾಕಿದವರು ಐದು ಹಾಕಿದ್ದಾರೆ, ಐದು ಹಾಕಿದವರು ಒಂದು. ಮೂರು ವಾರದ ಹಿಂದೆ ಬಾಯಿತುಂಬ ಮಾತಾಡುತ್ತಿದ್ದವರು ಈಗ ಮೌನಿಗಳು. ಮೌನಿಗಳೆಲ್ಲ ವಾಚಾಳಿಗಳು. ಒಬ್ಬಿಬ್ಬರಲ್ಲ, ಹೆಚ್ಚುಕಮ್ಮಿ ಇಡೀ ಲೈನು. ವಿಜಯಾ ಮೇಡಂಗೆ ಫೋನ್ ಮಾಡಿದೆ.

"ಕಾಲಂ ಉಲ್ಟಾ ಹಾಕಿದ್ದೀಯ ನೋಡು" ಅಂದರು. ನೋಡಿದೆ. ಹಾಕಿರಲಿಲ್ಲ. ಮತ್ತೆ ಮೊದಲಿಂದ ಕೂಡಿಸಿದೆ. ಅದೇ ಕಥೆ. "ವಿಚಿತ್ರ" ಅಂದರು ಮೇಡಂ. "ಸುಮ್ಮನೆ ಬೇರೆಬೇರೆ ಬಂದಿದ್ರೆ ಅರ್ಥ ಮಾಡ್ಕೋಬಹುದಿತ್ತು. ಇಷ್ಟು ಅಚ್ಚುಕಟ್ಟಾಗಿ ಉಲ್ಟಾ ಹೇಗೆ ಆಗುತ್ತೆ? ಹೋಗಿ ಕೇಳು."

ಕೇಳಲು ಹೋಗುವ ಮುಂಚೆಯೇ ನಾಗರಾಜ್ ಫೋನ್ ಬಂತು. "ಎರಡನೇದು ಆಯ್ತಲ್ಲ, ಆ ಇಬ್ರದು ಒಂದು ಲೈನಲ್ಲಿ ಹೇಳ್ರೀ."

ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಹಾಳೆಯಲ್ಲಿ ವ್ಯತ್ಯಾಸ ಅಂತ ಒಂದು ಕಾಲಂ ಇತ್ತು. ಎರಡೂ ಸಲದ ಉತ್ತರಗಳ ನಡುವೆ ಎಷ್ಟು ಫರಕಿದೆ ಅಂತ ಅದು ಹೇಳುತ್ತಿತ್ತು. ಅದನ್ನೇ ಓದಿದೆ. ಹೇಮಲತಾ, ಸೊನ್ನೆ. ಶಾಂತವ್ವ, ಇಡೀ ಲೈನಿಗೇ ಹೆಚ್ಚು.

"ಮೂರು ವಾರಕ್ಕೆ ಮಾತು ಬದಲಾಯಿಸೋರಿಗೆ ನಲವತ್ತು ಜನರ ಲೈನ್ ಹೆಂಗ್ರೀ ಕೊಡೋದು? ಆಯ್ತು ಬಿಡಿ, ಹೇಮಲತಾನೇ. ಸೋಮವಾರ ಆರ್ಡರ್ ಹಾಕ್ತೀನಿ. ನನ್ನ ಕೆಲಸ ಸುಲಭ ಮಾಡಿದ್ರಿ" ಅಂತ ಫೋನಿಟ್ಟರು. ಇಡೀ ಲೈನೇ ಹೀಗಾಗಿದೆ, ನಮ್ಮ ಫಾರಂನಲ್ಲೇ ಏನೋ ಎಡವಟ್ಟಾಗಿದೆ ಅಂತ ನಾನು ಹೇಳಲಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತಿತ್ತಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಅಂಗಳದಿಂದ ಕೂಗಿದರು. "ಮಂಜೀ, ಯಾರೋ ಬಂದವ್ರೆ ನೋಡು. ನಿನ್ನೇ ಕೇಳ್ತಾವ್ರೆ."

ಗೇಟಿನ ಹತ್ತಿರ ಶಾಂತವ್ವ ನಿಂತಿದ್ದರು. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆಗೆ ಅವರ ಕೋಣೆ ಅಂತ ಅವತ್ತೇ ಗೊತ್ತಾದದ್ದು. ಕೈಯಲ್ಲೊಂದು ಪೆನ್ನು. ಒಳಗೆ ಬನ್ನಿ ಅಂದರೂ ಬಾಗಿಲ ಹತ್ತಿರದ ಕಟ್ಟೆಯ ಮೇಲೇ ಕೂತರು. ನೀರು ಕುಡಿದು ಲೋಟ ಕೆಳಗಿಟ್ಟು, ನೇರವಾಗಿ ವಿಷಯಕ್ಕೇ ಬಂದರು.

"ಅಕ್ಕಾರ, ನಂದು ಯಾವ ಪ್ರಶ್ನಿಗೆ ಉತ್ತರ ತಪ್ಪಾಗೇತಿ ಹೇಳ್ರಿ. ಇಲ್ಲೇ ಕುಂತು ತಿದ್ದಿ ಕೊಡ್ತೀನಿ. ನಿಮ್ಮ ಪರೀಕ್ಷಾದಾಗ ನಾ ಫೇಲ್ ಆಗೇನಂತ, ಸಾಹೇಬ್ರು ಹೇಳಿದ್ರು."

ಇದರಲ್ಲಿ ಪಾಸು ಫೇಲು ಇಲ್ಲ, ತಪ್ಪು ಉತ್ತರವೂ ಇಲ್ಲ ಅಂತ ತಡವರಿಸುತ್ತ ಹೇಳಿದೆ.

"ತಪ್ಪು ಇಲ್ಲಂದ್ರ ಎರಡನೇ ಸಲ ಯಾಕ ಕೊಟ್ರಿ ಮತ್ತ?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರಿಗೆ ನಾನು ದಡ್ಡಿ ಅನ್ನಿಸಿರಬೇಕು, ನಿಧಾನವಾಗಿ ಬಿಡಿಸಿ ಹೇಳಿದರು. ಲೈನಿನಲ್ಲಿ ಒಂದು ಕಟ್ಟು ಮುಗಿಸಿ ಮುಂದೆ ಕಳಿಸಿದರೆ ಅದು ಚೆಕ್ಕಿಂಗ್ ಟೇಬಲ್ಲಿಗೆ ಹೋಗುತ್ತದೆ. ಸರಿಯಿದ್ದದ್ದು ಯಾವತ್ತೂ ತಿರುಗಿ ಬರುವುದಿಲ್ಲ. ವಾಪಸ್ ಬಂತು ಅಂದರೆ ರಿಜೆಕ್ಟ್ ಅಂತಲೇ. ಹಾಗೆ ಬಂದದ್ದನ್ನು ಇದ್ದ ಹಾಗೇ ಮತ್ತೆ ಕಳಿಸಿದರೆ ಬೈಗುಳ ತಪ್ಪಿದ್ದಲ್ಲ. ಪೂರ್ತಿ ಬಿಚ್ಚಬೇಕು, ವೈರ್ ಬದಲಿಸಬೇಕು, ಹೊಸದಾಗಿ ಕಟ್ಟಬೇಕು.

"ಒಬ್ಬಾಕಿದು ವಾಪಸ್ ಬಂದಿದ್ರ ಆಕಿದು ತಪ್ಪು ಅಂತಿದ್ವಿ. ಎಲ್ಲಾರದೂ ಬಂತಲ್ರಿ. ನಾನ ಹೇಳ್ದೆ, ಲೈನ್ ಪೂರಾ ರಿಜೆಕ್ಟ್ ಆಗೇತಿ, ಹೋದ ಸಲ ಏನ್ ಹಾಕಿದ್ರೋ ಅದ್ನ ಬಿಟ್ಟು ಬ್ಯಾರೇದು ಹಾಕ್ರಿ ಅಂತ."

ಎರಡು ದಿನದಿಂದ ಕಾಲಂಗಳನ್ನು ಹಿಂದೆಮುಂದೆ ಮಾಡಿ ಒದ್ದಾಡಿದ್ದೆನಲ್ಲ, ಉತ್ತರ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿತ್ತು. ಒಳಗಿಂದ ಅವರ ಎರಡೂ ಫಾರಂ ತಂದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವರ ಕೆಲಸದ ಚಿಂತೆಗಿಂತ ನನಗೆ ಕುತೂಹಲವೇ ಜಾಸ್ತಿಯಾಗಿತ್ತು. ಹಾಗಾದರೆ ಮೊದಲ ಸಲದ್ದೇ ಇವರ ನಿಜವಾದ ಉತ್ತರ ಇರಬೇಕು, ಅದರಲ್ಲಿ ಅಂಕ ಯಾಕೆ ಅಷ್ಟು ಕಡಿಮೆ? "ಹಿಡಿದ ಕೆಲಸ ಬಿಡುವುದಿಲ್ಲ" ಅನ್ನುವುದಕ್ಕೆ ಒಂದು ಹಾಕಿದ್ದೀರಲ್ಲ, ಕೆಲಸ ಅರ್ಧಕ್ಕೆ ಬಿಡ್ತೀರಾ ಅಂತ ಕೇಳಿದೆ.

"ಏ, ಎಂಟು ವರ್ಸದಾಗ ಒಂದ್ ದಿನಾ ಬಿಟ್ಟಿಲ್ರಿ."

"ಮತ್ತೆ ಐದು ಹಾಕಬೇಕಿತ್ತಲ್ಲ ಶಾಂತಕ್ಕ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ನನ್ನ ಹೆಸರು ಬರ್ದು, ಅದರ ಕೆಳಗ ನಾನ ಛಲೋ ಅಂತ ನಾನ ಬರ್ಕೊಳ್ಳೂದೇನ್ರಿ? ಅದನ್ನ ಮಂದಿ ಹೇಳ್ಬೇಕು. ಎರಡನೇ ಸಲ ಐದು ಐದು ಹಾಕೂ ಮುಂದ ನಾಚಿಕಿ ಬಂದು ಸತ್ತಂಗಾತು. ಕೆಲಸದ ಸಲವಾಗಿ ಹಾಕ್ದೆ."

ಒಂದೇ ಒಂದು ವಾಕ್ಯಕ್ಕೆ ಮಾತ್ರ ಅವರು ಎರಡೂ ಸಲ 'ಒಂದು' ಅಂತಲೇ ಹಾಕಿದ್ದರು. "ನಾನು ಸಾಮಾನ್ಯವಾಗಿ ಸಂತೋಷವಾಗಿರುತ್ತೇನೆ." ಇದನ್ನ ಯಾಕೆ ಬದಲಾಯಿಸಲಿಲ್ಲ ಅಂದೆ. ಅವರು ದನಿ ತಗ್ಗಿಸಿದರು. "ಅದು ಇದ್ರ ಇರ್ಲಿ ಬಿಡ್ರಿ. ಬರ್ದು ಯಾಕ ದೃಷ್ಟಿ ಮಾಡ್ಕೊಳ್ಳೂದು?"

ಒಳಗಿನಿಂದ ಅಮ್ಮ, "ಸರ್ಯಾಗ್ ಹೇಳುದ್ರು ನೋಡು" ಅಂದರು. ನಾನು ಇಷ್ಟು ವರ್ಷ ಓದಿದ್ದರಲ್ಲಿ ಎಲ್ಲೂ ಸಿಗದ ಪಾಠ ಅವತ್ತು ಒಂದು ಗಂಟೆಯಲ್ಲಿ ಸಿಕ್ಕಿತು. ಎಷ್ಟು ದೇಶಗಳಲ್ಲಿ ಓಡಿದ ಫಾರಂ ಇದು. ತನ್ನನ್ನು ತಾನು ಹೊಗಳಿಕೊಳ್ಳುವುದಕ್ಕೆ ನಾಚುವ ಜನ, ಸುಖವನ್ನು ಬಾಯಿಬಿಟ್ಟು ಹೇಳದ ಜನ ಎದುರಿಗೆ ಬಂದರೆ ಏನು ಮಾಡಬೇಕು ಅಂತ ಅದಕ್ಕೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿರಬೇಕಿತ್ತು. ನಮ್ಮಮ್ಮನೂ ಯಾರಾದರೂ ಹೇಗಿದ್ದೀರಾ ಅಂದರೆ "ಏನೋ, ಇದೀವಿ" ಅನ್ನುವವರೇ.

ಎದ್ದು ಹೊರಡುವಾಗ ಶಾಂತವ್ವ ಮತ್ತೆ ಕೇಳಿದರು. "ಅಂದ್ರ ತಿದ್ದಾಕ ಬರೂದಿಲ್ಲೇನ್ರಿ?" ಪೆನ್ನು ಇನ್ನೂ ಕೈಯಲ್ಲೇ ಇತ್ತು. ಆಗ ನನ್ನ ಕುತೂಹಲವೆಲ್ಲ ಇಳಿದುಹೋಯಿತು. ಅವರ ಎಂಟು ವರ್ಷದ ದುಡಿಮೆಯನ್ನು ನಾನು ಫೋನಿನಲ್ಲಿ ಒಂದು ಕಾಲಂ ಓದಿ ಮುಗಿಸಿದ್ದೆ. ನಾಳೆ ಬೆಳಿಗ್ಗೆ ಕಾರ್ಖಾನೆಗೆ ಬರುತ್ತೇನೆ ಅಂದೆ.

ಸೋಮವಾರ ನಾಗರಾಜ್ ಬರುವ ಮುಂಚೆಯೇ ಅವರ ಬಾಗಿಲಲ್ಲಿದ್ದೆ. ಆರ್ಡರ್ ಹಾಕಬೇಡಿ ಸಾರ್, ನನ್ನಿಂದ ತಪ್ಪಾಗಿದೆ ಅಂದೆ.

"ನೀವೇ ಕೊಟ್ಟ ನಂಬರ್ ಕಣ್ರೀ ಅದು" ಅಂದರು, ಸ್ವಲ್ಪ ಸಿಡುಕಿನಿಂದಲೇ.

"ನಾನು ಕೊಡಬಾರದಿತ್ತು ಸಾರ್. ಯಾರಿಗೂ ತೋರಿಸಲ್ಲ ಅಂತ ಅವರಿಗೆ ಹೇಳಿ ಬರೆಸಿದ್ದು. ಜೊತೆಗೆ ಆ ನಂಬರೂ ಸುಳ್ಳು." ವಾಪಸ್ ಬಂದ ಫಾರಂನ ಕಥೆಯನ್ನು ಪೂರ್ತಿ ಹೇಳಿದೆ. ಒಂದು ಲೈನಿನಲ್ಲಿ ಹೇಳಲು ಆಗಲಿಲ್ಲ. ಅವರೂ ಹಾಗೆ ಹೇಳಿ ಅನ್ನಲಿಲ್ಲ.

"ಹಾಗಾದ್ರೆ ಹೇಮಲತಾ ಯಾಕೆ ಬದಲಾಯಿಸಲಿಲ್ಲ?"

ಅವರ ಮುಂದೆ ಹೆಸರಿನ ಫಾರಂ ತೆಗೆಯಲು ಕೈ ಬರಲಿಲ್ಲ. ಹಿಂದಿನ ರಾತ್ರಿ ಹೇಮಲತಾರ ಹಾಳೆ ನೋಡಿದ್ದೆ. ಎರಡೂ ಸಲ ಮೇಲಿಂದ ಕೆಳಗಿನವರೆಗೆ ಐದು, ಐದು, ಐದು. ಕೆಲಸ ಕೂಡಲೇ ಮುಗಿಸುತ್ತೇನೆ, ಐದು. ಕೆಲಸ ಮುಂದಕ್ಕೆ ಹಾಕುತ್ತೇನೆ, ಅದಕ್ಕೂ ಐದು. ಎದುರುಬದುರಿನ ಉತ್ತರಗಳು ಒಂದನ್ನೊಂದು ಹೊಡೆದುಹಾಕಿ ಅವರ ಅಂಕ ಎಲ್ಲದರಲ್ಲೂ ನಡುವೆ ಬಂದು ನಿಂತಿತ್ತು. ನಾನು ಕಾಲಂ ನೋಡಿದೆನೇ ಹೊರತು ಹಾಳೆ ನೋಡಿರಲಿಲ್ಲ. "ಅದನ್ನ ಅವರನ್ನೇ ಕೇಳಬೇಕು ಸಾರ್" ಅಂದೆ. ನಾಗರಾಜ್ ಎದ್ದು ಸೀದಾ ಲೈನಿಗೆ ಹೊರಟರು. ನಾನು ಹಿಂದೆ ಓಡಿದೆ.

ಅವರು ಮೇಜಿನ ತುದಿಯಲ್ಲಿ ನಿಂತು ಗಟ್ಟಿಯಾಗಿ ಕೇಳಿದರು. "ಆ ಫಾರಂನಲ್ಲಿ ಉತ್ತರ ಬದಲಾಯಿಸ್ರಿ ಅಂತ ಹೇಳಿದ್ದು ಯಾರು?"

ಕೈಗಳೆಲ್ಲ ನಿಂತವು. ನಲವತ್ತು ಜನರಲ್ಲಿ ಒಬ್ಬಳೂ ಶಾಂತವ್ವನ ಕಡೆಗೆ ಕಣ್ಣು ಕೂಡ ಹಾಯಿಸಲಿಲ್ಲ. ನಾನು ಎಲ್ಲ ಹಾಳುಮಾಡಿದೆ ಅನ್ನಿಸಿತು. ಅಷ್ಟರಲ್ಲಿ ಶಾಂತವ್ವ ಟೇಪಿನ ಸುರುಳಿ ಕೆಳಗಿಟ್ಟು ಮುಂದೆ ಬಂದರು.

"ನಾನ ಹೇಳಿದ್ದು ಸಾಹೇಬ್ರ. ತಪ್ಪಾಗಿದ್ರ ನಂದು. ಇವ್ರ ಮ್ಯಾಲೆ ಹಾಕಬ್ಯಾಡ್ರಿ."

"ವಾಪಸ್ ಬಂದ ಮಾಲಿಗೆ ಕೆಂಪು ಟ್ಯಾಗ್ ಇರುತ್ತಲ್ವೇನ್ರೀ? ಟ್ಯಾಗ್ ಇಲ್ದೇ ಇದ್ದಿದ್ದನ್ನ ಯಾಕೆ ಬಿಚ್ಚಿದ್ರಿ?"

"ಮೇಡಂ ಹೊಸಬ್ರು. ಟ್ಯಾಗ್ ಹಚ್ಚೂದು ಮರ್ತಿರ್ಬೇಕು ಅನ್ಕೊಂಡ್ವಿ" ಅಂದರು ಶಾಂತವ್ವ, ನನ್ನನ್ನು ಕಾಪಾಡುವವರ ಹಾಗೆ.

ನಾಗರಾಜ್ ನಗು ತಡೆದುಕೊಳ್ಳಲು ಮುಖ ಆಚೆ ತಿರುಗಿಸಿದರು. ಅಷ್ಟರಲ್ಲಿ ಮೇಜಿನ ಆ ಬದಿಯಿಂದ ಹೇಮಲತಾ ತಾವಾಗಿಯೇ ಬಾಯಿಬಿಟ್ಟರು. ಸುಂಕದಕಟ್ಟೆಯ ಹುಡುಗಿ, ಮಾತು ಕಡಿಮೆ.

"ಸಾರ್, ಶಾಂತಕ್ಕ ನಂಗೂ ಹೇಳಿದ್ರು. ನಾನು ಅದನ್ನ ಓದ್ಲೇ ಇಲ್ಲ. ಎರಡು ಸಲಾನೂ ಊಟ ಆರೋಗ್ತಿತ್ತು ಅಂತ ಎಲ್ಲಾದಕ್ಕೂ ಐದು ಹಾಕ್ಬಿಟ್ಟೆ." ಕೈಯಲ್ಲಿದ್ದ ವೈರ್ ಕೆಳಗಿಟ್ಟು ಮತ್ತೆ ಅಂದರು. "ನಮಗೆ ಏನೇ ಡೌಟ್ ಬಂದ್ರೂ ನಾವು ಶಾಂತಕ್ಕನ್ನೇ ಕೇಳೋದು ಸಾರ್. ನಾನೂನೂ."

ನಾಗರಾಜ್ ತಲೆಯಾಡಿಸಿ ಹೊರಟರು. ವಾಪಸ್ ಬರುವಾಗ ದಾರಿಯಲ್ಲಿ, "ಒಂದು ಪಿಸುಮಾತಿಗೆ ಇಡೀ ಲೈನು ಕೆಲಸ ಬಿಚ್ಚಿ ಕಟ್ಟುತ್ತೆ. ನಾನು ಹುಡುಕ್ತಾ ಇದ್ದಿದ್ದು ಇಂಥೋರನ್ನೇ ಕಣ್ರೀ" ಅಂದರು. ಆ ವಾರದ ಕೊನೆಗೆ ಶಾಂತವ್ವನ ಹೆಸರಿಗೆ ಆರ್ಡರ್ ಬಂತು.

ವಿಜಯಾ ಮೇಡಂಗೆ ಎಲ್ಲ ಒಪ್ಪಿಸಿದೆ. ಹೆಸರು ಬರೆಸಿದ್ದಕ್ಕೆ, ಅಂಕ ಹೇಳಿದ್ದಕ್ಕೆ ಚೆನ್ನಾಗಿ ಉಗಿದರು. ಉಗಿದಾದ ಮೇಲೆ ಕುರ್ಚಿ ಎಳೆದುಕೊಂಡು, "ಈಗ ಆ ರಿಜೆಕ್ಟ್ ಕಥೆ ಮೊದಲಿಂದ ಹೇಳು" ಅಂದರು. ಆಮೇಲಿನ ಕಾರ್ಖಾನೆಗಳಲ್ಲಿ ಎರಡನೇ ಫಾರಂ ಕೊಡುವ ಮುಂಚೆ, ಮೊದಲನೆಯದರಲ್ಲಿ ಏನೂ ತಪ್ಪಿರಲಿಲ್ಲ ಅಂತ ಹೇಳುವುದು ನಮ್ಮ ಪದ್ಧತಿಯಾಯಿತು. ಅಷ್ಟಕ್ಕೇ ಉತ್ತರಗಳು ಎಷ್ಟೋ ನೆಟ್ಟಗಾದವು. ಹೊಗಳಿಕೆ, ದೃಷ್ಟಿಯ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಅದರ ಬಗ್ಗೆ ನನಗೆ ಈಗಲೂ ಕುತೂಹಲ.

ನನ್ನ ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಎರಡು ವಾರ ಬಿಟ್ಟು ಒಂದು ಭಾನುವಾರ ಶಾಂತವ್ವ ಮತ್ತೆ ಬಂದರು. ಅಮ್ಮನಿಗೆ ಅಂತ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ನಾನು ಕಂಗ್ರಾಜುಲೇಷನ್ಸ್ ಅಂದೆ. ಹೂಂ ಅಂದರು. ಆಮೇಲೆ ಅದೇ ಕಟ್ಟೆಯ ಮೇಲೆ ಕೂತು, "ಅಕ್ಕಾರ, ಈಗ ನಾ ಲೀಡರ್ ಅದೀನಿ. ಲೈನಿನ ಮಂದಿ ಒಂದ್ ಮಾತು ಕೇಳಾಕತ್ತಾರ. ಅದಕ್ಕ ಬಂದೆ" ಅಂದರು.

"ಏನು ಶಾಂತಕ್ಕ?"

"ನೀವು ಯಾರಿಗೂ ತೋರಿಸಂಗಿಲ್ಲ ಅಂದಿದ್ರಿ. ಸಾಹೇಬ್ರಿಗೆ ಹೇಳಿದ್ರಿ. ನಂದು ಆಗಿದ್ದು ಆತು. ಉಳಿದವ್ರವು ಹಂಗ ಆಗಬಾರದು. ನಮ್ಮ ಹೆಸರು ನಮಗ ಕೊಟ್ಟಬಿಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಕೊಟ್ಟ ಪಾತ್ರೆ ವಾಪಸ್ ಕೇಳುವಷ್ಟು ಸಹಜವಾಗಿ ಕೇಳಿದರು. ನಾನು ಒಳಗೆ ಹೋಗಿ ಫಾರಂಗಳ ಕಟ್ಟು, ಕತ್ತರಿ ತಂದೆ. ಒಂದೊಂದೇ ಹಾಳೆಯ ಮೇಲಿನಿಂದ ಹೆಸರಿದ್ದ ಪಟ್ಟಿ ಕತ್ತರಿಸಿ, ಒಬ್ಬೊಬ್ಬರ ಎರಡೂ ಹಾಳೆಗಳಿಗೆ ಒಂದೇ ನಂಬರ್ ಬರೆದೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಅವರು ಪ್ರತಿ ಪಟ್ಟಿ ಕೈಗೆ ತೆಗೆದುಕೊಂಡು ಓದುತ್ತಿದ್ದರು. ಬಸವ್ವ. ರೇಣುಕಾ. ಹೇಮಲತಾ. ಹುಸೇನಬಿ. ಉತ್ತರಗಳ ಕಡೆಗೆ ತಪ್ಪಿಯೂ ಕಣ್ಣು ಹಾಕಲಿಲ್ಲ. ಕೊನೆಯದು ಮುಗಿದಾಗ ನಾನು ಉಸಿರು ಬಿಟ್ಟು, "ಅಷ್ಟೇ ಶಾಂತಕ್ಕ, ಎಲ್ಲಾ ಆಯ್ತು" ಅಂದೆ.

ಅವರು ಪಟ್ಟಿಗಳನ್ನು ಸೆರಗಿನಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದರು.

"ಮತ್ತ ಕಂಪ್ಯೂಟರ್‌ನಾಗ?"

ಅಲ್ಲಿ ಇತ್ತು, ವಿಜಯಾ ಮೇಡಂ ಹತ್ತಿರ. ಎಲ್ಲ ಹೆಸರೂ, ಎಲ್ಲ ಅಂಕವೂ, ಮೂರು ಬಣ್ಣದಲ್ಲಿ. ಅವರ ಎದುರೇ ವಿಜಯಾ ಮೇಡಂಗೆ ಫೋನ್ ಮಾಡಿದೆ. ಮೇಡಂ ರಜೆಯ ದಿನವೂ ಕಂಪ್ಯೂಟರ್ ಮುಂದೆ ಕೂತು ಹೆಸರುಗಳನ್ನು ಅಳಿಸಿ ನಂಬರ್ ಹಾಕಿದರು. ಆ ಅರ್ಧ ಗಂಟೆ ಶಾಂತವ್ವ ಎದ್ದೇಳಲಿಲ್ಲ. ಮೇಡಂ ವಾಪಸ್ ಫೋನ್ ಮಾಡಿ "ಆಯ್ತು" ಅಂದಮೇಲೆ ಸೆರಗಿನ ಗಂಟು ಬಿಗಿದು, ಅಮ್ಮನಿಗೆ "ಬರ್ತೀನ್ರಿ ಅವ್ವಾರ" ಅಂತ ಹೇಳಿ, ನನ್ನ ಭುಜ ತಟ್ಟಿ ಹೋದರು.

ಆಮೇಲೆ ನಾನು ಇಂಥ ಎಷ್ಟೋ ಕಡೆ ಕೆಲಸ ಮಾಡಿದೆ. ನಂಬರ್ ಮರೆಯುವ ಜನಕ್ಕೆ ಚೀಟಿ ಬರೆದುಕೊಡುವುದನ್ನು ಕಲಿತೆ. ಕೇಳುವ ಮುಂಚೆ, ಈ ಜನ ಒಂದು ಪ್ರಶ್ನೆಯನ್ನು ಏನೆಂದು ತಿಳಿಯುತ್ತಾರೆ ಅಂತ ನೋಡಿಕೊಳ್ಳುವುದನ್ನೂ ಕಲಿತೆ. ಆದರೂ ನಲವತ್ತು ಹೆಂಗಸರು ನನ್ನ ಮಾತು ನಂಬಿ ಹೆಸರು ಬರೆದದ್ದು, ಅದರಲ್ಲಿ ಇಬ್ಬರದನ್ನು ನಾನು ಫೋನಿನಲ್ಲಿ ಓದಿ ಹೇಳಿದ್ದು ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಶಾಂತಕ್ಕ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.